ಫೋನಿನಲ್ಲಿ ಅಂಗಡಿ ಇಟ್ಟವರಿಗೆ



ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಫೋನಿನೊಳಗೆ ಅಂಗಡಿ ಇಟ್ಟವರ ಬಗ್ಗೆ. ಇಂಥವರು ಈಗ ಊರೂರಿನಲ್ಲಿ ಇದ್ದಾರೆ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಬೆಂಗಳೂರಿಗೆ ಕಳಿಸುವವರು. ಮನೆಯಲ್ಲೇ ಕೂತು ರವಿಕೆಗೆ ಕಸೂತಿ ಹಾಕಿಕೊಡುವವರು. ಮಲೆನಾಡಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಮಾರುವವರು. ಸಂಗೀತ ಪಾಠ, ಗಣಿತ ಪಾಠ ಹೇಳುವವರು. ಇವರಲ್ಲಿ ಬಹಳ ಜನಕ್ಕೆ ಬೀದಿಯಲ್ಲಿ ಮಳಿಗೆ ಇಲ್ಲ. ಬೋರ್ಡು ಇಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಇವುಗಳಲ್ಲಿ ಒಂದರಲ್ಲೋ ಎರಡರಲ್ಲೋ ವ್ಯಾಪಾರವೆಲ್ಲ ನಡೆಯುತ್ತದೆ. ಆ ವ್ಯಾಪಾರದಿಂದ ಮಕ್ಕಳ ಶಾಲೆಯ ಫೀಸು ಹೋಗುತ್ತದೆ. ಮನೆಯ ಸಾಲದ ಕಂತು ಹೋಗುತ್ತದೆ.

ಈ ಜಾಲತಾಣಗಳು ಮಾತ್ರ ನಿಂತಲ್ಲಿ ನಿಲ್ಲುವಂಥವಲ್ಲ. ಇಂದು ಒಂದು ನಿಯಮ, ಆರು ತಿಂಗಳಿಗೆ ಇನ್ನೊಂದು. ಹಾಗಿರುವಾಗ ಅವುಗಳನ್ನೇ ನಂಬಿ ವ್ಯಾಪಾರ ಕಟ್ಟುವುದು ಹೇಗೆ? ಇದಕ್ಕೆ ನಾನು ಹೇಳುವುದು ಒಂದೇ ಮಾತು. ಹೊಸ ಗಿರಾಕಿಯನ್ನು ಕರೆತರುವ ಕೆಲಸವನ್ನು ಜಾಲತಾಣ ಮಾಡಲಿ. ಬಂದ ಗಿರಾಕಿಯ ಪರಿಚಯ ಮಾತ್ರ ನಿಮ್ಮ ಸ್ವಂತ ಪುಸ್ತಕದಲ್ಲಿರಲಿ. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ನಡೆದ ಸಂಗತಿಗಳ ಮೂಲಕವೇ ಬಿಡಿಸಿಡುತ್ತೇನೆ.

ಮೊದಲು ಇಂಥ ಒಂದು ವ್ಯಾಪಾರವನ್ನು ಹತ್ತಿರದಿಂದ ನೋಡೋಣ. ಇಳಕಲ್ಲಿನಲ್ಲಿ ನನಗೆ ಪರಿಚಯದ ಹೆಣ್ಣುಮಗಳೊಬ್ಬರಿದ್ದಾರೆ. ಗಂಡ ಮಗ್ಗದ ಮೇಲೆ ಕೂಡುತ್ತಾರೆ. ಇವರು ಸೀರೆ ಮಾರುತ್ತಾರೆ. ಬೆಳಗಿನ ಅಡುಗೆ ಮುಗಿಸಿ ಪಡಸಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟುತ್ತಾರೆ. ಬಾಗಿಲಿನ ಬೆಳಕು ಬೀಳುವ ಕಡೆ ಸೀರೆ ಹರವಿ ಫೋಟೋ ತೆಗೆಯುತ್ತಾರೆ. ದಾಳಿಂಬೆ ಬಣ್ಣದ ಒಡಲು. ಅಗಲವಾದ ಗಾಯತ್ರಿ ದಡಿ. ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ತೆನೆಗಳ ಸಾಲು. ಟೋಪ ತೆನಿ ಸೆರಗು ಎಂದು ಆ ಕಡೆ ಹೇಳುತ್ತಾರೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ವಿಶೇಷ. ಆ ಕೊಂಡಿ ಕಾಣುವಂತೆ ಇನ್ನೊಂದು ಫೋಟೋ ಹತ್ತಿರದಿಂದ ತೆಗೆಯುತ್ತಾರೆ. ಬೆಲೆ ಬರೆದು ತಮ್ಮ ಪುಟಕ್ಕೆ ಹಾಕುತ್ತಾರೆ. ಮಧ್ಯಾಹ್ನದೊಳಗೆ ವಿಚಾರಿಸುವವರು ಶುರುವಾಗುತ್ತಾರೆ. ಬಣ್ಣ ಬಿಡುತ್ತದೆಯೇ? ಜಂಪರ್ ಪೀಸ್ ಇದೆಯೇ? ಇದೇ ಸೀರೆ ಹಸಿರಿನಲ್ಲಿ ಸಿಗುತ್ತದೆಯೇ? ಒಪ್ಪಿದವರು ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಸಂಜೆಯ ಹೊತ್ತಿಗೆ ಪಾರ್ಸೆಲ್ ಅಂಚೆ ಕಚೇರಿ ಸೇರುತ್ತದೆ.

ಕೆಲವು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಸುಮಾರು 30 ಸಾವಿರ ಜನ ಅವರ ಪುಟದ ಫಾಲೋವರ್ಸ್ ಆಗಿದ್ದರು. ಹಾಕಿದ ಫೋಟೋ ಏನಿಲ್ಲೆಂದರೂ ಐದಾರು ಸಾವಿರ ಜನರ ಕಣ್ಣಿಗೆ ಬೀಳುತ್ತಿತ್ತು. ಒಂದು ಶ್ರಾವಣದಲ್ಲಿ ಅದು ಐನೂರು ಆರುನೂರಕ್ಕೆ ಇಳಿಯಿತು. ಸೀರೆ ಅದೇ. ಬೆಲೆ ಅದೇ. ಪಡಸಾಲೆಯ ಬೆಳಕೂ ಅದೇ. ಆ 30 ಸಾವಿರ ಜನ ಪುಟ ಬಿಟ್ಟು ಹೋಗಿರಲಿಲ್ಲ. ಜಾಲತಾಣ ಅಷ್ಟರಲ್ಲಿ ಫೋಟೋಗಳನ್ನು ಹಿಂದಕ್ಕೆ ಸರಿಸಿ ಕಿರು ವಿಡಿಯೋಗಳನ್ನು ಮುಂದೆ ಮಾಡತೊಡಗಿತ್ತು. ಇವರಿಗೆ ಅದನ್ನು ಯಾರೂ ತಿಳಿಸಲಿಲ್ಲ. ಶ್ರಾವಣವೆಂದರೆ ಪಂಚಮಿ, ವರಮಹಾಲಕ್ಷ್ಮಿ. ಸೀರೆ ಮಾರುವವರಿಗೆ ಅದೇ ಸುಗ್ಗಿ. ಆ ಸುಗ್ಗಿಯಲ್ಲಿ ನೇಯ್ದ ಸೀರೆ ಕಪಾಟಿನಲ್ಲೇ ಉಳಿದರೆ ಮುಂದಿನ ನೂಲಿಗೆ ದುಡ್ಡು ಹುಟ್ಟುವುದಿಲ್ಲ. ಮಗ್ಗ ನಿಲ್ಲುತ್ತದೆ. ಎಲ್ಲೋ ದೂರದ ಕಂಪನಿ ಮಾಡಿದ ಬದಲಾವಣೆ ಇಳಕಲ್ಲಿನ ಒಂದು ಮನೆಯ ಮಗ್ಗದವರೆಗೆ ಬಂತು. ನನ್ನನ್ನು ಕಾಡಿದ್ದು ಇದು.

ಯಾಕೆ ಹೀಗಾಗುತ್ತದೆ? ನಾವು ಹಾಕಿದ್ದು ನಮ್ಮ ಫಾಲೋವರ್ಸ್ ಎಲ್ಲರಿಗೂ ತಲುಪುತ್ತದೆ ಎಂದು ನಾವು ನಂಬಿರುತ್ತೇವೆ. ಹಾಗೆ ತಲುಪುವುದಿಲ್ಲ. 2014ರಲ್ಲಿ ಫೇಸ್‌ಬುಕ್ ಕಂಪನಿಯೇ ಇದನ್ನು ವಿವರಿಸಿ ಹೇಳಿತು. ಒಬ್ಬರು ಒಮ್ಮೆ ಫೇಸ್‌ಬುಕ್ ತೆರೆದರೆ ಅವರಿಗೆ ತೋರಿಸಬಹುದಾದ ಬರಹ, ಚಿತ್ರಗಳು ಆಗ ಸರಾಸರಿ 1,500 ಇರುತ್ತಿದ್ದವು. ಅವುಗಳಲ್ಲಿ ಸುಮಾರು 300ನ್ನು ಮಾತ್ರ ಆರಿಸಿ ತೋರಿಸುತ್ತಿದ್ದರು. ಐದಕ್ಕೆ ಒಂದು ಎಂದಾಯಿತು. ಆ ಒಂದು ಯಾವುದು ಎಂಬುದನ್ನು ಕಂಪನಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. ಯಾವುದನ್ನು ತೋರಿಸಿದರೆ ಜನ ಇನ್ನಷ್ಟು ಹೊತ್ತು ಅಲ್ಲೇ ಇರುತ್ತಾರೆ ಎಂಬುದು ಆ ಲೆಕ್ಕದ ಮುಖ್ಯ ಭಾಗ. ಇನ್‌ಸ್ಟಾಗ್ರಾಮ್ ಮೊದಲು ಹಾಕಿದ ಹೊತ್ತಿನ ಕ್ರಮದಲ್ಲೇ ಚಿತ್ರಗಳನ್ನು ತೋರಿಸುತ್ತಿತ್ತು. 2016ರಲ್ಲಿ ಅದೂ ಆರಿಸಿ ತೋರಿಸುವ ದಾರಿ ಹಿಡಿಯಿತು.

2018ರ ಜನವರಿಯಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ನೆಂಟರಿಷ್ಟರು, ಗೆಳೆಯರು ಹಾಕಿದ್ದು ಹೆಚ್ಚು ಕಾಣುತ್ತದೆ. ವ್ಯಾಪಾರಿಗಳು, ಪತ್ರಿಕೆಗಳು ಹಾಕಿದ್ದು ಕಡಿಮೆ ಕಾಣುತ್ತದೆ ಎಂಬುದು ಅದರ ಸಾರ. ಬಳಸುವ ಜನರ ದೃಷ್ಟಿಯಿಂದ ಅದು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಅಮೆರಿಕದಲ್ಲಿ ಲಿಟಲ್‌ಥಿಂಗ್ಸ್ ಎಂಬ ಸಂಸ್ಥೆಯೊಂದಿತ್ತು. ಮನಸ್ಸಿಗೆ ಹಿತವಾಗುವ ಬರಹ, ವಿಡಿಯೋಗಳನ್ನು ಹೆಚ್ಚಾಗಿ ಹೆಂಗಸರಿಗಾಗಿ ಮಾಡುತ್ತಿತ್ತು. ಓದುಗರು ಬರುತ್ತಿದ್ದುದು ಮುಖ್ಯವಾಗಿ ಫೇಸ್‌ಬುಕ್‌ನಿಂದ. ಈ ಪ್ರಕಟಣೆಯಾಗಿ ಎರಡು ತಿಂಗಳೊಳಗೆ ಅದು ಬಾಗಿಲು ಹಾಕಿತು. ಸುಮಾರು ನೂರು ಜನರ ಕೆಲಸ ಹೋಯಿತು. ತಾನಾಗಿ ಬರುತ್ತಿದ್ದ ಓದುಗರಲ್ಲಿ ಮುಕ್ಕಾಲು ಪಾಲು ಒಂದೇ ಏಟಿಗೆ ಹೋದರು ಎಂದು ಆ ಸಂಸ್ಥೆಯೇ ಹೇಳಿಕೊಂಡಿತು.

ನಮ್ಮೂರ ಸಂತೆಯನ್ನು ನೆನೆಸಿಕೊಳ್ಳಿ. ಸಂತೆಯ ಸುಂಕ ಹರಾಜು ಹಿಡಿದವನು ಹೋದ ವಾರ ದಾರಿ ಬದಿಯ ಜಾಗ ಕೊಟ್ಟಿದ್ದ. ಈ ವಾರ ಹೇಳದೆ ಕೇಳದೆ ಹಿಂದಿನ ಸಾಲಿಗೆ ತಳ್ಳಿದ. ನಾವು ಅಲ್ಲೇ ನಿಂತು ಕೇಳುತ್ತೇವೆ, ಜಗಳವಾದರೂ ಆಡುತ್ತೇವೆ. ಫೋನಿನ ಅಂಗಡಿಯಲ್ಲಿ ಹಿಂದಿನ ಸಾಲಿಗೆ ತಳ್ಳಿದ್ದೇ ನಮಗೆ ತಿಳಿಯುವುದಿಲ್ಲ. ಕೇಳಬೇಕೆಂದರೆ ಎದುರಿಗೆ ಮನುಷ್ಯರಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಫಾಲೋವರ್ಸ್ ಸಂಖ್ಯೆ ಬೇರೆ, ನಿಮ್ಮ ಮಾಲು ಕಾಣುವವರ ಸಂಖ್ಯೆ ಬೇರೆ. ಎರಡನೆಯದನ್ನು ಜಾಲತಾಣ ತನಗೆ ಬೇಕಾದಂತೆ ಹೆಚ್ಚು ಕಡಿಮೆ ಮಾಡುತ್ತದೆ. ಈಗ ಮುಂದಿನ ಮಾತಿಗೆ ಬರೋಣ. ಸಣ್ಣವರು ಹೀಗೆ ಸಿಕ್ಕಿಕೊಳ್ಳುತ್ತಾರೆ, ದುಡ್ಡೂ ತಜ್ಞರೂ ಇರುವ ದೊಡ್ಡ ಕಂಪನಿಗೆ ಈ ಪಾಡು ಬರಲಾರದು ಎಂದು ನಿಮಗೆ ಅನ್ನಿಸಬಹುದು. ಝಿಂಗಾ ಕಂಪನಿಯ ಕಥೆ ಕೇಳಿ.

ಮಾರ್ಕ್ ಪಿಂಕಸ್ ಮತ್ತು ಜೊತೆಗಾರರು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ಕಂಪನಿ ಇದು. ಫೇಸ್‌ಬುಕ್‌ನೊಳಗೆ ಆಡುವ ಆಟಗಳನ್ನು ಮಾಡುತ್ತಿತ್ತು. 2009ರ ಜೂನ್‌ನಲ್ಲಿ ಫಾರ್ಮ್‌ವಿಲ್ ಎಂಬ ಆಟ ಬಿಟ್ಟಿತು. ಕೇಳುಗರಲ್ಲಿ ಕೆಲವರು ಆಗ ಅದನ್ನು ಆಡಿರಲೂಬಹುದು. ಆಟದಲ್ಲಿ ನೀವೊಬ್ಬ ರೈತ. ಉಳಬೇಕು, ಬಿತ್ತಬೇಕು, ಗೊತ್ತಾದ ಹೊತ್ತಿಗೆ ಬಂದು ಕೊಯ್ಲು ಮಾಡಬೇಕು. ತಡವಾದರೆ ಬೆಳೆ ಒಣಗಿಹೋಗುತ್ತದೆ. ಪಕ್ಕದ ಹೊಲದವರು ನಿಮ್ಮ ಫೇಸ್‌ಬುಕ್ ಗೆಳೆಯರೇ. ನಿಮ್ಮ ಹೊಲಕ್ಕೆ ದಾರಿ ತಪ್ಪಿದ ಹಸು ಬಂದರೆ ಆ ಗೆಳೆಯರಿಗೆಲ್ಲ ಸುದ್ದಿ ಹೋಗುತ್ತದೆ. ಸುದ್ದಿ ನೋಡಿ ಅವರೂ ಆಟಕ್ಕೆ ಇಳಿಯುತ್ತಾರೆ. ಝಿಂಗಾ ಬೆಳೆದದ್ದು ಈ ಸುದ್ದಿಗಳಿಂದಲೇ. ಒಂದು ವರ್ಷ ತುಂಬುವುದರೊಳಗೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಆ ಆಟ ಆಡುತ್ತಿದ್ದರು. 2010ರಲ್ಲಿ ಕಂಪನಿ ನಮ್ಮ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು.

ಆಟ ಆಡದವರಿಗೆ ಈ ಹಸುವಿನ ಸುದ್ದಿ, ಗೊಬ್ಬರದ ಸುದ್ದಿ ಕಿರಿಕಿರಿಯಾಗತೊಡಗಿತು. ಅವರ ದೂರಿನಲ್ಲೂ ನ್ಯಾಯವಿತ್ತು. 2010ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಆಟಗಳಿಂದ ಬರುವ ಅಂಥ ಸೂಚನೆಗಳನ್ನು ನಿಲ್ಲಿಸಿತು. ಝಿಂಗಾಕ್ಕೆ ಬಿಟ್ಟಿಯಾಗಿ ಸಿಗುತ್ತಿದ್ದ ಪ್ರಚಾರ ಅಲ್ಲಿಗೆ ಕಟ್ಟಾಯಿತು. ಆಮೇಲೆ ದುಡ್ಡಿನ ವಿಷಯ ಬಂತು. ಆಟದೊಳಗೆ ಏನೇ ಕೊಳ್ಳುವುದಿದ್ದರೂ ಫೇಸ್‌ಬುಕ್‌ನ ಪಾವತಿ ವ್ಯವಸ್ಥೆಯ ಮೂಲಕವೇ ಕೊಳ್ಳಬೇಕು ಎಂದಾಯಿತು. ನೂರು ರೂಪಾಯಿಗೆ ಮೂವತ್ತು ಫೇಸ್‌ಬುಕ್‌ನ ಪಾಲು.

ಇಲ್ಲಿ ಒಂದು ಲೆಕ್ಕ ಹೇಳಬೇಕು. 2011ರಲ್ಲಿ ಫೇಸ್‌ಬುಕ್‌ಗೆ ಬಂದ ವರಮಾನದಲ್ಲಿ ನೂರಕ್ಕೆ ಸುಮಾರು 12 ಪಾಲು ಝಿಂಗಾದಿಂದ ಬಂದದ್ದು. ಅಂದರೆ ಝಿಂಗಾ ಯಾವುದೋ ಮೂಲೆಯ ಗಿರಾಕಿಯಾಗಿರಲಿಲ್ಲ. ಇಷ್ಟು ದೊಡ್ಡ ಗಿರಾಕಿಯಾದರೂ ನಿಯಮ ಬರೆಯುವ ಕೈ ಅದರದ್ದಾಗಿರಲಿಲ್ಲ. 2011ರ ಡಿಸೆಂಬರ್‌ನಲ್ಲಿ ಝಿಂಗಾದ ಷೇರು 10 ಡಾಲರಿನಂತೆ ಮಾರುಕಟ್ಟೆಗೆ ಬಂತು. ನಮ್ಮ ಆದಾಯ ಹೆಚ್ಚುಕಡಿಮೆ ಪೂರಾ ಫೇಸ್‌ಬುಕ್ ಮೂಲಕವೇ ಬರುತ್ತದೆ, ಇದು ಅಪಾಯ ಎಂದು ಷೇರಿನ ಕಾಗದಪತ್ರದಲ್ಲಿ ಕಂಪನಿ ತಾನೇ ಬರೆದಿತ್ತು. ಮುಂದಿನ ವರ್ಷ ಷೇರಿನ ಬೆಲೆ 3 ಡಾಲರಿಗಿಂತ ಕೆಳಗೆ ಹೋಯಿತು. ಅಷ್ಟರಲ್ಲಿ ಜನ ಕಂಪ್ಯೂಟರ್ ಬಿಟ್ಟು ಫೋನಿನಲ್ಲಿ ಆಡುವುದಕ್ಕೆ ಶುರುಮಾಡಿದ್ದರು. 2013ರಲ್ಲಿ ಝಿಂಗಾ ಸುಮಾರು 500 ಜನರನ್ನು ಕೆಲಸದಿಂದ ತೆಗೆಯಿತು.

ಆಮೇಲೂ ಕಂಪನಿ ಉಳಿಯಿತು. ಫೋನಿನ ಆಟಗಳ ಕಡೆ ಹೊರಳಿ ಬಹಳ ವರ್ಷ ಕಷ್ಟಪಟ್ಟು ನಿಂತುಕೊಂಡಿತು. 2022ರಲ್ಲಿ ಟೇಕ್-ಟೂ ಎಂಬ ಕಂಪನಿ ಅದನ್ನು ಸುಮಾರು 1,270 ಕೋಟಿ ಡಾಲರಿಗೆ ಕೊಂಡಿತು. ಫೇಸ್‌ಬುಕ್‌ನೊಳಗಿನ ಫಾರ್ಮ್‌ವಿಲ್ ಮಾತ್ರ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಹೀಗೆ ಹೊರಳಿ ನಿಲ್ಲುವುದಕ್ಕೆ ಝಿಂಗಾದ ಹತ್ತಿರ ಷೇರಿನಿಂದ ಬಂದ ದುಡ್ಡಿತ್ತು. ಇಳಕಲ್ಲಿನ ಪಡಸಾಲೆಯಲ್ಲಿ ಅದಿಲ್ಲ. ಹಾಗಾಗಿ ನಮ್ಮವರು ಮೊದಲೇ ಎಚ್ಚರವಹಿಸಬೇಕು.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ಇದೆ. 2015ರಲ್ಲಿ ಶುರುವಾದ ಮೀಶೋ. ಗೃಹಿಣಿಯರು ಬಟ್ಟೆಬರೆಯ ಚಿತ್ರಗಳನ್ನು ವಾಟ್ಸ್‌ಆ್ಯಪ್, ಫೇಸ್‌ಬುಕ್‌ನಲ್ಲಿ ತಮ್ಮ ಪರಿಚಯದವರಿಗೆ ಕಳಿಸಿ ಮಾರುವುದು, ಆ ಮಾರಾಟಕ್ಕೆ ಮಾಲು ಒದಗಿಸುವುದು. ಕಂಪನಿ ಬೆಳೆದದ್ದು ಹೀಗೆ. 2019ರಲ್ಲಿ ಫೇಸ್‌ಬುಕ್ಕೇ ಅದರಲ್ಲಿ ಹಣ ಹೂಡಿತು. ಅಂಥ ನಂಟಿದ್ದರೂ ಮೀಶೋ ಮುಂದೆ ದಾರಿ ಬದಲಿಸಿತು. ತನ್ನದೇ ಆ್ಯಪ್‌ಗೆ ಗಿರಾಕಿಗಳನ್ನು ನೇರವಾಗಿ ಕರೆಸಿಕೊಂಡು ಮಾರತೊಡಗಿತು. ಗಿರಾಕಿ ತನ್ನ ಪುಸ್ತಕದಲ್ಲಿರಬೇಕು ಎಂಬುದು ಅದಕ್ಕೆ ಚೆನ್ನಾಗಿ ತಿಳಿದಿತ್ತು. ನಡುವೆ ನಿಂತು ಮಾರುತ್ತಿದ್ದ ಹೆಂಗಸರ ಪಾತ್ರ ಸಹಜವಾಗಿ ಕುಗ್ಗಿತು. ನೂರಾರು ಮನೆಗಳ ಪರಿಚಯವನ್ನು ತಾವೇ ಕಟ್ಟಿಕೊಂಡಿದ್ದ ಅಂಥ ಹೆಂಗಸರು ಅದೇ ಪರಿಚಯದ ಬಲದ ಮೇಲೆ ಬೇರೆ ಮಾಲನ್ನಾದರೂ ಮಾರಬಹುದಲ್ಲ! ಆ ಬಲವನ್ನು ಅವರಿಗೆ ಯಾರಾದರೂ ಗುರುತಿಸಿ ಹೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಾಣಿಸುವುದು ಕಡಿಮೆಯಾಗಬಹುದು. ಆದಾಯದಲ್ಲಿ ಪಾಲು ಕೇಳಬಹುದು. ಈ ಎರಡನ್ನು ನೋಡಿದೆವು. ಈ ಎರಡರಲ್ಲೂ ಜಾಲತಾಣ ಇದ್ದೇ ಇರುತ್ತದೆ. ಅದೇ ಇಲ್ಲವಾದರೆ?

2020ರ ಜೂನ್ 29, ಸೋಮವಾರ. ಆ ರಾತ್ರಿ ಕೇಂದ್ರ ಸರ್ಕಾರ ಚೀನಾ ನಂಟಿನ 59 ಆ್ಯಪ್‌ಗಳನ್ನು ನಿಷೇಧಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಕೆಳಗೆ ಹೊರಟ ಆದೇಶ. ಚೀನಾ ಗಡಿಯ ಗಲ್ವಾನ್ ಕಣಿವೆಯಲ್ಲಿ ನಮ್ಮ ಯೋಧರು ಪ್ರಾಣ ಕೊಟ್ಟು ಎರಡು ವಾರವಾಗಿತ್ತು. ಆ ಪಟ್ಟಿಯಲ್ಲಿ ಕಿರು ವಿಡಿಯೋಗಳ ಆ್ಯಪ್ ಟಿಕ್‌ಟಾಕ್ ಇತ್ತು. ಭಾರತದಲ್ಲಿ ಅದನ್ನು ಬಳಸುತ್ತಿದ್ದವರು ಸುಮಾರು 20 ಕೋಟಿ. ಮಾರನೆಯ ದಿನ ಆ್ಯಪ್ ಸಿಗದಾಯಿತು. ಸ್ವಲ್ಪದರಲ್ಲೇ ಫೋನಿನಲ್ಲಿ ಇದ್ದದ್ದೂ ಕೆಲಸ ನಿಲ್ಲಿಸಿತು. ದೇಶದ ಭದ್ರತೆಯ ತೀರ್ಮಾನದ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಅದರಲ್ಲಿ ಬದುಕು ಕಟ್ಟಿಕೊಂಡಿದ್ದವರ ಕಡೆಯಿಂದ ಮಾತ್ರ ನೋಡೋಣ.

ಹಳ್ಳಿಯ ಹುಡುಗರು, ಹುಡುಗಿಯರು, ನಡುವಯಸ್ಸಿನ ಗೃಹಿಣಿಯರು ಅದರಲ್ಲಿದ್ದರು. ದೊಡ್ಡ ಕ್ಯಾಮೆರಾ ಬೇಕಿರಲಿಲ್ಲ, ಇಂಗ್ಲಿಷ್ ಬೇಕಿರಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಜಾನಪದ ಹಾಡಿಗೆ ಹೆಜ್ಜೆ ಹಾಕಿದವರಿಗೂ ಲಕ್ಷಗಟ್ಟಲೆ ನೋಡುಗರು ಸಿಕ್ಕಿದ್ದರು. ಬಟ್ಟೆ ಅಂಗಡಿ, ಒಡವೆ ಅಂಗಡಿಯವರು ಪ್ರಚಾರಕ್ಕೆ ಕರೆದು ದುಡ್ಡು ಕೊಡುತ್ತಿದ್ದರು. ಜಾತ್ರೆಯ ವೇದಿಕೆಗೆ ಆಹ್ವಾನ ಬರುತ್ತಿತ್ತು. ಒಂದೇ ರಾತ್ರಿಯಲ್ಲಿ ಆ ಲಕ್ಷ ಜನರ ಜೊತೆಗಿನ ಸಂಪರ್ಕ ಕಡಿಯಿತು. ಬೀಳ್ಕೊಡುವ ಮಾತು ಹೇಳುವುದಕ್ಕೂ ಹೊತ್ತಿರಲಿಲ್ಲ. ನಾನು ಇನ್ನು ಇಂಥ ಕಡೆ ಸಿಗುತ್ತೇನೆ ಎಂದು ಹೇಳೋಣವೆಂದರೆ ಕೇಳಬೇಕಾದವರ ಹೆಸರು, ನಂಬರು ಹತ್ತಿರ ಇರಲಿಲ್ಲ. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅಲ್ಲಿಗೆ ಹೋದವರೆಲ್ಲ ಸೊನ್ನೆಯಿಂದ ಎಣಿಕೆ ಶುರುಮಾಡಬೇಕಾಯಿತು. ವಿಡಿಯೋಗಳನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದೆ ಆ್ಯಪ್‌ನಲ್ಲೇ ಬಿಟ್ಟಿದ್ದವರಿಗೆ ಹಳೆಯ ಕೆಲಸವೂ ಕೈಗೆ ಸಿಗಲಿಲ್ಲ.

ಇದಕ್ಕೊಂದು ಮುನ್ಸೂಚನೆ ಸಿಕ್ಕಿತ್ತು. ಹಿಂದಿನ ವರ್ಷ, 2019ರ ಏಪ್ರಿಲ್‌ನಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದಂತೆ ಟಿಕ್‌ಟಾಕ್ ಕೆಲವು ದಿನ ಹೊಸಬರಿಗೆ ಸಿಗದಂತಾಗಿತ್ತು. ಆ ತಿಂಗಳಲ್ಲೇ ನಿರ್ಬಂಧ ತೆರವಾಯಿತು, ಎಲ್ಲರೂ ಮೊದಲಿನಂತೆ ಮುಂದುವರಿದರು. ವ್ಯಾಪಾರದಲ್ಲಿ ಇಂಥ ದಿನಗಳು ಬಹಳ ಮುಖ್ಯ. ಒಮ್ಮೆ ನಿಂತು ಮತ್ತೆ ಶುರುವಾದದ್ದು ಇನ್ನೊಮ್ಮೆ ನಿಲ್ಲಬಹುದು. ಸಿಕ್ಕ ಬಿಡುವಿನಲ್ಲಿ ಗಿರಾಕಿಗಳ ನಂಬರ್ ಬರೆದಿಟ್ಟುಕೊಳ್ಳಬೇಕು.

ಹೊರದೇಶದ ಆ್ಯಪ್ ಆದ್ದರಿಂದ ಹೀಗಾಯಿತು, ನಮ್ಮದೇ ಇದ್ದರೆ ಭಯವಿಲ್ಲ ಎಂದು ಆಗ ಬಹಳ ಜನ ಹೇಳಿದರು. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಕಟ್ಟಿದ ಕೂ ಎಂಬ ಆ್ಯಪ್ ನಿಮಗೆ ನೆನಪಿರಬಹುದು. 2020ರಲ್ಲಿ ಅದು ಮೊದಲು ಶುರುವಾದದ್ದೇ ಕನ್ನಡದಲ್ಲಿ. ಕನ್ನಡದಲ್ಲಿ ಬರೆಯುವವರಿಗೆ, ಮಾತಾಡುವವರಿಗೆ ಮೊದಲ ಜಾಗ ಕೊಟ್ಟ ವೇದಿಕೆ. ಕೋಟಿಗಟ್ಟಲೆ ಜನ ಅದನ್ನು ಫೋನಿಗೆ ಇಳಿಸಿಕೊಂಡರು. ದೊಡ್ಡ ಸಂಸ್ಥೆಗಳ ಜೊತೆ ಸೇರುವ ಮಾತುಕತೆ ಕೂಡಿಬರಲಿಲ್ಲ, ನಡೆಸುವ ಖರ್ಚು ನಿಭಾಯಿಸಲಾಗಲಿಲ್ಲ. 2024ರ ಜುಲೈಯಲ್ಲಿ ಮುಚ್ಚಿತು. ಕನ್ನಡತಿಯಾಗಿ ನನಗೆ ಅದು ನಿಜಕ್ಕೂ ನೋವು ತಂದ ಸುದ್ದಿ. ಆದರೆ ವ್ಯಾಪಾರ ಮಾಡುವವರು ನೆನಪಿಡಬೇಕು. ಆ್ಯಪ್ ಯಾವ ದೇಶದ್ದು, ಯಾವ ಭಾಷೆಯದು ಎಂಬುದರಿಂದ ಅದರ ಆಯುಸ್ಸು ಗೊತ್ತಾಗುವುದಿಲ್ಲ.

ಜಾಲತಾಣ ಮುಚ್ಚಿಹೋಗಲೂಬಹುದು ಎಂಬುದನ್ನು ಕಂಡೆವು. ಇದನ್ನು ಹೇಳಿದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ. ಒಂದನ್ನೇ ಅವಲಂಬಿಸಬೇಡಿ, ಮೂರು ನಾಲ್ಕು ಕಡೆ ಇರಿ. ಈ ಸಲಹೆ ಒಳ್ಳೆಯದೇ, ಆದರೆ ಇದೊಂದೇ ಸಾಲದು. ಯಾಕೆಂದು ಕೇಳಿ.

2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಊಟದ ಹೊತ್ತಿಗೆ ಫೇಸ್‌ಬುಕ್ ನಿಂತಿತು. ಇನ್‌ಸ್ಟಾಗ್ರಾಮ್ ನಿಂತಿತು. ವಾಟ್ಸ್‌ಆ್ಯಪ್ ಕೂಡ ನಿಂತಿತು. ಸುಮಾರು ಆರು ಗಂಟೆ ಕಾಲ ಮೂರೂ ಇಲ್ಲ. ಮೂರೂ ಒಂದೇ ಕಂಪನಿಯವು. ಆ ಕಂಪನಿಯ ಕಂಪ್ಯೂಟರ್ ಜಾಲದ ದುರಸ್ತಿಯಲ್ಲಿ ಆದ ಒಂದು ತಪ್ಪಿನಿಂದ ಎಲ್ಲವೂ ಒಟ್ಟಿಗೆ ಸಂಪರ್ಕ ಕಳೆದುಕೊಂಡವು. ನವರಾತ್ರಿಗೆ ಆಗ ಮೂರೇ ದಿನವಿತ್ತು. ಬಟ್ಟೆ, ಗೊಂಬೆ, ತಿಂಡಿಯ ಆರ್ಡರುಗಳು ಬರುವ ಹೊತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ತೋರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಂಡು, ಫೇಸ್‌ಬುಕ್‌ನಲ್ಲಿ ಪ್ರಚಾರ ಮಾಡುವವರು ತಾವು ಮೂರು ಕಡೆ ಇದ್ದೇವೆ ಎಂದುಕೊಂಡಿದ್ದರು. ನಿಜದಲ್ಲಿ ಅವರು ಇದ್ದದ್ದು ಒಂದೇ ಮಾಲೀಕನ ಹತ್ತಿರ. ಆ ರಾತ್ರಿ ಮಾಮೂಲಿ ಫೋನ್ ಕರೆ ನಡೆಯುತ್ತಿತ್ತು. ಎಸ್‌ಎಂಎಸ್ ಹೋಗುತ್ತಿತ್ತು. ಗಿರಾಕಿಯ ನಂಬರ್ ಬರೆದಿಟ್ಟುಕೊಂಡವರಿಗೆ ದಾರಿ ತೆರೆದೇ ಇತ್ತು.

ಹಾಗಾದರೆ ಈ ಜಾಲತಾಣಗಳನ್ನು ಬಿಟ್ಟುಬಿಡಬೇಕೆ? ಖಂಡಿತ ಬೇಡ. ಅವು ಇಲ್ಲದಿದ್ದರೆ ಇಳಕಲ್ಲಿನ ಸೀರೆ ಮಂಗಳೂರಿನ ಟೀಚರ್ ಕೈಗೆ, ದುಬೈನ ನರ್ಸ್ ಕೈಗೆ ನೇರವಾಗಿ ಹೋಗುತ್ತಿರಲಿಲ್ಲ. ಮಧ್ಯದ ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟು ಬರಬೇಕಿತ್ತು. ರೀಲ್ಸ್ ಬೇಕೆಂದರೆ ರೀಲ್ಸ್ ಮಾಡಿ. ನಾಳೆ ಇನ್ನೊಂದು ಬೇಕೆಂದರೆ ಅದನ್ನೂ ಕಲಿಯಿರಿ. ಆದರೆ ಒಮ್ಮೆ ಕೊಂಡವರನ್ನು ಎರಡನೆಯ ಸಲ ಕರೆಯುವುದಕ್ಕೂ ಅದೇ ಜಾಲತಾಣವನ್ನು ಕಾಯಬೇಡಿ.

ಇದನ್ನು ಮಾಡುವುದು ಹೇಗೆ ಎಂದು ಈಗ ವಿವರವಾಗಿ ಹೇಳುತ್ತೇನೆ.

ಒಂದು ಉದ್ದನೆಯ ನೋಟ್‌ಬುಕ್ ತನ್ನಿ. ನಮ್ಮ ಕಡೆ ಅಂಗಡಿಕಾರರು ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡಿ ಬರೆಯಲು ಶುರುಮಾಡುತ್ತಾರಲ್ಲ, ಅಂಥದ್ದೇ. ಕಂಪ್ಯೂಟರ್ ಬಲ್ಲವರು ಎಕ್ಸೆಲ್ ಹಾಳೆಯಲ್ಲಿ ಮಾಡಿಕೊಳ್ಳಲಿ. ಒಬ್ಬ ಗಿರಾಕಿಗೆ ಒಂದು ಸಾಲು. ಹೆಸರು, ಊರು, ಪಿನ್‌ಕೋಡ್, ಫೋನ್ ನಂಬರ್. ಏನು ಕೊಂಡರು, ಎಷ್ಟಕ್ಕೆ ಕೊಂಡರು. ಕೊನೆಗೆ, ಯಾವ ಸಂದರ್ಭಕ್ಕೆ ಕೊಂಡರು. ಈ ಕೊನೆಯ ಮನೆಯನ್ನು ಖಾಲಿ ಬಿಡಬೇಡಿ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಕೊಂಡವರ ಮನೆಯಲ್ಲಿ ಕೆಲವು ತಿಂಗಳಿಗೆ ತೊಟ್ಟಿಲ ಕಾರ್ಯ ಇರುತ್ತದೆ. ಗೌರಿ ಹಬ್ಬಕ್ಕೆ ಅತ್ತಿಗೆಗೆಂದು ಕೊಂಡವರು ಮುಂದಿನ ವರ್ಷವೂ ಕೊಳ್ಳುವವರೇ. ಹಬ್ಬಕ್ಕೆ ಒಂದು ತಿಂಗಳ ಮೊದಲು ಒಂದು ಫೋನ್ ಮಾಡಿ, ಅಕ್ಕಾ, ಹೋದ ವರ್ಷದ ಸೀರೆ ಹೇಗಿದೆ ಎಂದು ಕೇಳಿದರೆ ಸಾಕು. ಇಂಥ ಮಾಹಿತಿ ಯಾವ ಜಾಲತಾಣವೂ ನಿಮಗೆ ತೆಗೆದು ಕೊಡುವುದಿಲ್ಲ.

ಇನ್ನೊಂದು ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದೇ ಸಲ 256 ಜನಕ್ಕೆ ಕಳಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕಳಿಸಿದ್ದೇವೆ, ಯಾರೂ ಉತ್ತರ ಕೊಡಲಿಲ್ಲ ಎಂದು ಬೇಸರಪಡುತ್ತಾರೆ. ಅದಕ್ಕೇ ಪ್ರತಿ ಪಾರ್ಸೆಲ್‌ನೊಳಗೆ ಒಂದು ಚೀಟಿ ಇಡಿ. ಅದರಲ್ಲಿ ನಿಮ್ಮ ಹೆಸರು, ನಂಬರ್ ಇರಲಿ. ಈ ನಂಬರನ್ನು ಸೇವ್ ಮಾಡಿಕೊಳ್ಳಿ, ಹೊಸ ಸೀರೆ ಬಂದಾಗ ತಿಳಿಸುತ್ತೇವೆ, ಬೇಡವೆನ್ನಿಸಿದರೆ ಒಂದು ಮಾತು ಹೇಳಿ, ನಿಲ್ಲಿಸುತ್ತೇವೆ ಎಂದು ಬರೆಯಿರಿ. ಆ ಕೊನೆಯ ಮಾತು ಬಹಳ ಮುಖ್ಯ. ಗಿರಾಕಿ ನಂಬಿ ಕೊಟ್ಟ ನಂಬರ್ ಅದು. ಇನ್ನೊಬ್ಬರಿಗೆ ಕೊಡಬೇಡಿ, ಮಾರಬೇಡಿ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯನ್ನೇ ಮಾಡಿದೆ. ಜನರ ಒಪ್ಪಿಗೆ ಆ ಕಾಯ್ದೆಯ ಜೀವಾಳ. ಕಾಯ್ದೆ ಇಲ್ಲದಿದ್ದರೂ ನಾವು ಹಾಗೆಯೇ ನಡೆದುಕೊಳ್ಳಬೇಕಿತ್ತು.

ನಿಮ್ಮ ಪುಟದ ಅಕೌಂಟ್ ಯಾರ ಇಮೇಲ್‌ನಲ್ಲಿದೆ ಎಂದು ಇವತ್ತೇ ನೋಡಿ. ಅಣ್ಣನ ಮಗ ತೆರೆದುಕೊಟ್ಟಿರುತ್ತಾನೆ, ಮೊಬೈಲ್ ಅಂಗಡಿಯ ಹುಡುಗ ತೆರೆದುಕೊಟ್ಟಿರುತ್ತಾನೆ. ಇಮೇಲ್ ಅವರದ್ದು, ಪಾಸ್‌ವರ್ಡ್ ಅವರಿಗೇ ನೆನಪಿಲ್ಲ. ಫೋನ್ ಕಳೆದ ದಿನ ಅಂಗಡಿಯೂ ಕಳೆಯಿತು. ಅಕೌಂಟನ್ನು ನಿಮ್ಮ ಹೆಸರಿಗೆ, ನಿಮ್ಮ ನಂಬರಿಗೆ ಮಾಡಿಸಿಕೊಳ್ಳಿ. ಎರಡು ಹಂತದ ಭದ್ರತೆ ಎಂಬ ವ್ಯವಸ್ಥೆ ಎಲ್ಲ ದೊಡ್ಡ ಜಾಲತಾಣಗಳಲ್ಲೂ ಇದೆ, ಅದನ್ನು ಹಾಕಿಸಿಕೊಳ್ಳಿ. ತೆಗೆದ ಫೋಟೋ, ವಿಡಿಯೋಗಳ ಮೂಲ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಒಂದು ಆ್ಯಪ್‌ನ ಮುದ್ರೆ ಬಿದ್ದ ವಿಡಿಯೋವನ್ನು ಇನ್ನೊಂದು ಆ್ಯಪ್ ಹೆಚ್ಚು ಜನಕ್ಕೆ ತೋರಿಸುವುದಿಲ್ಲ. ಇದನ್ನು ಇನ್‌ಸ್ಟಾಗ್ರಾಮ್ 2021ರಲ್ಲಿ ಬಾಯಿಬಿಟ್ಟೇ ಹೇಳಿದೆ. ಕೈಯಲ್ಲಾಗುವುದಾದರೆ ನಿಮ್ಮದೇ ಹೆಸರಿನ ವೆಬ್ ವಿಳಾಸವೊಂದನ್ನು ಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ದೊಡ್ಡ ವೆಬ್‌ಸೈಟ್ ಬೇಕಿಲ್ಲ. ನಾಲ್ಕು ಫೋಟೋ, ಫೋನ್ ನಂಬರ್, ನಾನು ಈಗ ಎಲ್ಲೆಲ್ಲಿ ಸಿಗುತ್ತೇನೆ ಎಂಬ ಮಾಹಿತಿ ಇದ್ದರೆ ಆಯಿತು.

ಪುಸ್ತಕ, ಚೀಟಿ, ಅಕೌಂಟಿನ ಹೆಸರು, ಮೂಲ ಪ್ರತಿ. ಇವು ಒಬ್ಬೊಬ್ಬರೂ ಮಾಡಿಕೊಳ್ಳಬಹುದಾದ ಕೆಲಸ. ಇನ್ನು ಉಳಿದದ್ದು ನಾವು ಕೂಡಿ ಮಾಡಬೇಕಾದದ್ದು. ಇದನ್ನು ಕೇಳುತ್ತಿರುವ ತರಬೇತಿದಾರರಿಗೆ, ಸ್ವಸಹಾಯ ಸಂಘಗಳ ಒಕ್ಕೂಟದವರಿಗೆ, ನೇಕಾರರ ಸಹಕಾರ ಸಂಘದವರಿಗೆ ನನ್ನದೊಂದು ಕೋರಿಕೆ. ಆನ್‌ಲೈನ್ ಮಾರಾಟದ ತರಬೇತಿಗಳಲ್ಲಿ ಈಗ ಫೋಟೋ ತೆಗೆಯುವುದು, ರೀಲ್ಸ್ ಮಾಡುವುದು, ಜಾಹೀರಾತಿಗೆ ದುಡ್ಡು ಹಾಕುವುದು ಹೇಳಿಕೊಡುತ್ತಾರೆ. ನಾನು ಕಂಡ ತರಬೇತಿಗಳಲ್ಲಿ ಗಿರಾಕಿಗಳ ಖಾತೆ ಬರೆಯುವುದಕ್ಕೆ ಅರ್ಧ ದಿನವೂ ಇರಲಿಲ್ಲ. ದಯವಿಟ್ಟು ಒಂದು ಪೂರ್ತಿ ದಿನ ಅದಕ್ಕೆ ಕೊಡಿ. ಬಂದವರ ಕೈಯಲ್ಲಿ ಅಲ್ಲೇ, ಆಗಲೇ, ಅವರ ಫೋನಿನಲ್ಲಿರುವ ಹಳೆಯ ಆರ್ಡರುಗಳನ್ನು ತೆಗೆಸಿ ಮೊದಲ ಐವತ್ತು ಸಾಲು ಬರೆಸಿ. ಮನೆಗೆ ಹೋಗಿ ಬರೆಯುತ್ತೇನೆ ಎಂದವರು ಅಡುಗೆ, ನೀರು, ಮಕ್ಕಳ ಕೆಲಸದ ನಡುವೆ ಬರೆಯಲಾರರು. ಐವತ್ತು ಸಾಲು ಬರೆದವರಿಗೆ ಐವತ್ತೊಂದನೆಯದು ಕಷ್ಟವಾಗುವುದಿಲ್ಲ. ತರಬೇತಿ ಮುಗಿದು ಆರು ತಿಂಗಳಿಗೆ ಮತ್ತೆ ಹೋಗಿ ನೋಡುವಾಗ ಫಾಲೋವರ್ಸ್ ಎಷ್ಟಾದರು ಎಂದು ಕೇಳುವ ಮೊದಲು ಪುಸ್ತಕ ತೆಗೆಸಿ, ಎರಡನೆಯ ಸಲ ಕೊಂಡವರ ಹೆಸರಿನ ಮುಂದೆ ಗುರುತು ಹಾಕಿಸಿ ಎಣಿಸಿ. ನಿಮ್ಮ ವರದಿಯಲ್ಲಿ ಆ ಸಂಖ್ಯೆಯನ್ನೇ ಮೊದಲು ಬರೆಯಿರಿ.